ಬುತ್ತಿ ಹಿಡಿದು ಓಡಿದ್ದು

ಎಲುಬು ಕೂಡಿಕೊಳ್ಳುವಾಗ ಒಳಗೆ ಏನಾದರೂ ಸಪ್ಪಳವಾಗುತ್ತದೆಯೇ ಎಂದು ನಾನು ಡಾಕ್ಟರರನ್ನು ಕೇಳಿದ್ದೆ. ಜಲನಗರದಲ್ಲಿ ನಮ್ಮ ಮನೆಯಿಂದ ಎರಡು ಓಣಿ ದಾಟಿದರೆ ಅವರ ದವಾಖಾನೆ. ಅವರು ನಕ್ಕರು. ಪಕ್ಕದಲ್ಲಿ ಕೂತಿದ್ದ ಅವ್ವ ನನ್ನ ತೊಡೆ ಚಿವುಟಿದಳು. ಆಗ ನಾನು ಕಾಲೇಜಿನ ಮೊದಲ ವರ್ಷದಲ್ಲಿದ್ದೆ. ದೂರದ ಓಟ ಓಡುತ್ತಿದ್ದವಳ ಬಲಗಾಲಿನಲ್ಲಿ, ಮೊಣಕಾಲ ಕೆಳಗಿನ ಎಲುಬು ಸೀಳು ಬಿಟ್ಟಿತ್ತು. ಬಿದ್ದದ್ದಲ್ಲ, ಗಾಡಿ ಹಾಯ್ದದ್ದಲ್ಲ. ಡಾಂಬರು ರಸ್ತೆಯ ಮೇಲೆ ಒಂದು ದಿನವೂ ಬಿಡದೆ ಓಡಿ ಓಡಿ ಆದದ್ದು. ಎಕ್ಸರೇಯಲ್ಲಿ ಅದು ಎಷ್ಟು ಸಣ್ಣದಾಗಿ ಕಂಡಿತೆಂದರೆ, ಮೇಲೆ ಕೂದಲು ಬಿದ್ದಿದೆ ಎಂದುಕೊಂಡು ಅವ್ವ ಸೆರಗಿನಿಂದ ಒರೆಸಲು ಹೋದಳು.

ಹೋದಾಗಲೆಲ್ಲ ಡಾಕ್ಟರು ಆ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಕೇಳುತ್ತಿದ್ದರು. "ಇಲ್ಲೇ ಒಂದ ಕಡೆ ಚುಚ್ಚತದೋ, ಇಲ್ಲಾ ಸುತ್ತೆಲ್ಲಾ ನೋಯ್ತದೋ?" ಬೆರಳ ತುದಿಯಷ್ಟು ಜಾಗದಲ್ಲಿ ಚುಚ್ಚಿದರೆ ಅದು ಎಲುಬಿನ ನೋವು. ಸುತ್ತ ಹರಡಿಕೊಂಡು ನೋಯುತ್ತಿದ್ದರೆ ಬರೀ ಮಾಂಸದ್ದು, ಹೆದರಬೇಕಾಗಿಲ್ಲ. ಈ ವಿದ್ಯೆ ಕಲಿತ ಮೇಲೆ ನನಗೆ ಕೂತಲ್ಲಿ ನಿಂತಲ್ಲಿ ಅದೇ ಕೆಲಸವಾಯಿತು. ಕ್ಲಾಸಿನಲ್ಲಿ ಬೆಂಚಿನ ಕೆಳಗೆ ಬಗ್ಗಿ ಒತ್ತುವುದು, ಬಸ್ಸಿನಲ್ಲಿ ಒತ್ತುವುದು. ಓಡಲಾರದ ಸಿಟ್ಟು ಎಷ್ಟಿತ್ತೋ, ನನ್ನದೇ ಕಾಲು ನನಗೆ ಗೊತ್ತಿಲ್ಲದಂತೆ ಒಳಗೊಳಗೆ ಏನು ಮಾಡುತ್ತಿದೆ ಎಂದು ತಿಳಿಯುವ ಆಸೆಯೂ ಅಷ್ಟೇ ಇತ್ತು.

ಕೊನೆಗೊಂದು ದಿನ ಡಾಕ್ಟರು, "ಇನ್ ಸಾವಕಾಶ ಓಡಾಕ ಚಾಲೂ ಮಾಡವಾ. ಡಾಂಬರ್ ಮ್ಯಾಲೆ ಬ್ಯಾಡ, ಮಣ್ಣಿನ ದಾರಿ ಇದ್ರ ಚಲೋ," ಎಂದರು. ನಾನು ಅಲ್ಲೇ ಕುಣಿಯುವುದೊಂದು ಬಾಕಿ. ಅವ್ವ ಹೊರಗೆ ಬಂದ ಮೇಲೆ ತನ್ನ ತೀರ್ಮಾನ ಹೇಳಿದಳು. "ಓಡು, ಬ್ಯಾಡ ಅನ್ನೂದಿಲ್ಲ. ಆದ್ರ ಒಮ್ಮಿ ಕುಂಟಿದ್ದು ನನ್ನ ಕಣ್ಣಿಗಿ ಬಿತ್ತಂದ್ರ ಆ ಬೂಟು ಅಟ್ಟದ ಮ್ಯಾಲ. ಮತ್ತ ಇಳಿಸಂಗಿಲ್ಲ."

ಅವ್ವ ಅಂದದ್ದನ್ನು ಮಾಡುವವಳು. ನಾನು ಹತ್ತನೇ ತರಗತಿಗೆ ಬಂದಾಗ ಟಿ.ವಿ.ಯನ್ನು ಚಾದರದಲ್ಲಿ ಸುತ್ತಿ ಅಟ್ಟಕ್ಕೇರಿಸಿದ್ದಳು. ಅದು ಇನ್ನೂ ಅಲ್ಲೇ ಇದೆ.

ದಸರಾ ಸೂಟಿಗೆ ನನ್ನನ್ನು ಘೋಣಸಗಿಗೆ ಕಳಿಸಿದರು. ಅಲ್ಲಿ ಆಯಿ ಇದ್ದಳು, ಅವ್ವನ ತಾಯಿ. ಜೊತೆಗೆ ಮಾಮಾ. ಅವನಿಗೆ ಸ್ವಲ್ಪ ಹೊಲ, ಒಂದಿಷ್ಟು ಆಡು. ಊರಿನಿಂದ ಅವನ ಹೊಲದವರೆಗೆ ಮೆತ್ತಗಿನ ಕರಿಮಣ್ಣಿನ ದಾರಿ, ಎರಡೂ ಕಡೆ ದ್ರಾಕ್ಷಿ ತೋಟ. ನನ್ನ ಕಾಲಿಗೆಂದೇ ಹಾಸಿಟ್ಟಂತಿತ್ತು.

ಮೊದಲನೇ ಮುಂಜಾನೆ ಬೂಟು ಕಟ್ಟಿಕೊಂಡು ಆ ದಾರಿಗೆ ಬಿದ್ದೆ. ಎಷ್ಟೋ ತಿಂಗಳ ಮೇಲೆ ಓಡುತ್ತಿದ್ದೆ. ಗಮನವೆಲ್ಲ ಕಾಲಿನ ಮೇಲಿತ್ತು. ಹಿಂದೆ ಯಾರೋ ಓಡಿಬರುವ ಸಪ್ಪಳ ಕೇಳಿ ತಿರುಗಿದೆ. ತೋಟದಲ್ಲಿ ಬಳ್ಳಿ ಕತ್ತರಿಸುತ್ತಿದ್ದ ಹೆಂಗಸರು ಕೈಯಲ್ಲಿ ಕತ್ತರಿ ಹಿಡಿದೇ ನನ್ನ ಬೆನ್ನು ಹತ್ತಿದ್ದರು! ನಾನು ನಿಂತೆ. ಮುಂದಿದ್ದ ದಪ್ಪನೆಯ ಹೆಂಗಸು ಏದುಸಿರು ಬಿಡುತ್ತ ಬಂದು ನನ್ನ ರಟ್ಟೆ ಹಿಡಿದಳು.

"ಏನಾತ ಬೇ? ಯಾರಿಗಿ ಏನಾತು?"

"ಯಾರಿಗೂ ಏನೂ ಆಗಿಲ್ರಿ."

"ಮತ್ತ ಯಾಕ ಓಡಾಕತ್ತೀ?"

"ಸುಮ್ನ ಓಡಾಕತ್ತೇನ್ರಿ."

ಅವರೆಲ್ಲ ಮುಖ ಮುಖ ನೋಡಿಕೊಂಡರು. ಸುಮ್ಮನೆ ಯಾರಾದರೂ ಓಡುತ್ತಾರೆಯೇ? ಆ ಹೆಂಗಸು ನನ್ನ ತಲೆ ಸವರಿ, ಮೆಲ್ಲಗೆ, "ಧೈರ್ಯ ತಗೊಂಡು ಹೇಳವಾ. ನಿಮ್ಮ ಆಯಿ ಅದಾಳ ಹೌದಲ್ಲೋ?" ಎಂದಳು. ನಾನು ರಟ್ಟೆ ಬಿಡಿಸಿಕೊಂಡು ಹಿಂದಿರುಗಿದೆ. ಮನೆಗೆ ಬಂದರೆ ಕಟ್ಟೆಯ ಮೇಲೆ ಆಗಲೇ ನಾಲ್ಕು ಮಂದಿ ಟೋಪಿ ತೆಗೆದು ತಲೆ ತಗ್ಗಿಸಿ ಕೂತಿದ್ದರು. ಒಳಗೆ ಆಯಿ ಹಂಚು ಇಳಿಸಿ, ಒಲೆ ಆರಿಸಿ, ಮಾಮಾನ ಹೆಸರು ಹಿಡಿದು ಅಳಲು ಶುರು ಮಾಡಿದ್ದಳು. ನಾನು ಹೊಲದ ಕಡೆ ಓಡಿದ್ದನ್ನು ಯಾರೋ ಕಂಡಿದ್ದರು, ಅಷ್ಟೇ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಲ್ಲ, ಅದಕ್ಕೆ ಆಯಿ ಮುಂಚಿತವಾಗಿಯೇ ತಯಾರಾಗಿದ್ದಳು. ಅಷ್ಟರಲ್ಲಿ ಮಾಮಾ ಆಡುಗಳನ್ನು ಹೊಡೆದುಕೊಂಡು ಬಂದು, "ಏನಾತು? ಯಾರಿಗಿ ಏನಾತು?" ಎಂದು ಕೇಳಿದ.

ನನಗೆ ಸಿಟ್ಟು ನೆತ್ತಿಗೇರಿತು. ಎಲ್ಲರ ಕಿಸೆಯಲ್ಲಿ ಮೊಬೈಲಿದೆ. ಕೆಟ್ಟ ಸುದ್ದಿ ಹೇಳಲು ಈಗ ಯಾರು ಓಡಿಹೋಗುತ್ತಾರೆ? ಆಯಿಯನ್ನು ಅದನ್ನೇ ಕೇಳಿದೆ. ಅವಳು ಮತ್ತೆ ಒಲೆ ಊದುತ್ತ ಕೂತಿದ್ದಳು.

"ಫೋನ್ ಬಂದಾವ, ಖರೆ. ಆದ್ರ ಎದಿ ಹಳೇದ ಅದ ಅಲ್ಲ," ಎಂದಳು. ಒಲೆಗೆ ಒಂದು ಕಟ್ಟಿಗೆ ಸರಿಸಿ ಮುಂದುವರಿಸಿದಳು. "ಈ ದಾರಿ ಮ್ಯಾಲ ಹಿಂಗ ಓಡಿ ಬಂದಾಕಿ ನಿಮ್ಮವ್ವ. ನಿನಗಿಂತ ಸಣ್ಣಾಕಿ ಇದ್ಲು. ನಿಮ್ಮ ಮುತ್ಯಾ, ನಿಮ್ಮವ್ವನ ಅಪ್ಪ, ಹೊಲದಾಗ ಬಿದ್ದಿದ್ದ. ಆಕಿ ಓಡಿ ಬಂದು ಹೇಳಿದ್ಲು, ಊರಿಗಿ ಊರ ಓಡಿ ಹೋತು. ಮುಟ್ಟೂದ್ರಾಗ ಮುಗದಿತ್ತು. ಆವತ್ತಿಂದ ನಿಮ್ಮವ್ವ ಓಡಿದ್ದು ನಾ ಕಂಡಿಲ್ಲ."

ನಾನೂ ಕಂಡಿರಲಿಲ್ಲ. ಸ್ಟೇಷನ್ ರಸ್ತೆಯಲ್ಲಿ ಕಣ್ಣೆದುರಿಗೇ ಬಸ್ಸು ಹೊರಟರೂ ಅವ್ವ ನಡೆದೇ ಹೋಗುವಳು. ಬಸ್ಸು ತಪ್ಪಿದರೆ ತಪ್ಪಿತು. ಅದನ್ನು ನಾನು ಇಷ್ಟು ದಿನ ಅವಳ ಠೇಂಕಾರ ಎಂದುಕೊಂಡಿದ್ದೆ. ಅವಳು ನನ್ನ ಒಂದು ಓಟವನ್ನೂ ನೋಡಲು ಬಂದಿರಲಿಲ್ಲ, ಆಫೀಸಿನಲ್ಲಿ ರಜೆ ಸಿಗುವುದಿಲ್ಲ ಎನ್ನುತ್ತಿದ್ದಳು. ಅದಕ್ಕೂ ರಜೆ ಕಾರಣವಲ್ಲವೆಂದು ಒಲೆಯ ಮುಂದೆ ಕೂತಾಗ ಹೊಳೆಯಿತು.

ಉಪಾಯ ಹೇಳಿದವಳೂ ಆಯಿಯೇ. "ನಾಳಿಂದ ಬುತ್ತಿ ಹಿಡಕೊಂಡು ಓಡು. ಕೈಯಾಗ ಬುತ್ತಿ ಕಂಡ್ರ ಯಾರೂ ಅಂಜಂಗಿಲ್ಲ. ಮನ್ಯಾಗ ಒಲಿ ಉರದದ ಅಂತ ಗೊತ್ತಾಗತದ."

ಹೀಗೆ ನಾನು ಬುತ್ತಿ ಹಿಡಿದು ಓಡಲು ಕಲಿತೆ. ಒಂದು ಕೈಯಲ್ಲಿ ಅರಿವೆಯಲ್ಲಿ ಕಟ್ಟಿದ ರೊಟ್ಟಿ, ಪಲ್ಯ, ಚಟ್ನಿಪುಡಿಯಂಥ ಶೇಂಗಾ ಹಿಂಡಿ. ಇನ್ನೊಂದರಲ್ಲಿ ಸಣ್ಣ ಕ್ಯಾನು, ಅದರಲ್ಲಿ ಮಾಮಾನಿಗೆ ನೀರು ಬೆರೆಸಿದ ಮೊಸರು. ಆಯಿ ಹೇಳಿದ್ದು ಸುಳ್ಳಾಗಲಿಲ್ಲ. ತೋಟದ ಹೆಂಗಸರು ತಲೆ ಎತ್ತಿ ನೋಡುವರು, ಬುತ್ತಿ ಕಾಣುವುದು, "ಏನ್ ಪಲ್ಯ ಬೇ ಇವತ್ತ?" ಎಂದು ಕೂಗುವರು. ನಾನು "ಬದನಿಕಾಯಿ!" ಎಂದು ಕೂಗುತ್ತ ದಾಟುವೆ. ಓಡುವುದು ಯಾಕೆಂದು ಯಾರೂ ಕೇಳಲಿಲ್ಲ. ಊಟ ಬಿಸಿ ಇರುವಾಗಲೇ ಮುಟ್ಟಿಸುವ ಹುಡುಗಿ ಎಂದು ಹೆಸರೂ ಬಂತು.

ನನಗೆ ಅದರಲ್ಲಿ ಬೇರೆಯದೇ ಮೋಜು ಸಿಕ್ಕಿತ್ತು. ಕೈ ಬೀಸುವಂತಿಲ್ಲ, ಜಿಗಿಯುವಂತಿಲ್ಲ. ಹಾಗೆ ಓಡುವಾಗ ಪಾದ ನೆಲಕ್ಕೆ ಹೇಗೆ ಮುಟ್ಟುತ್ತದೆ? ಕ್ಯಾನು ಎಡಗೈಗೆ ಬಂದರೆ ಬಲಗಾಲಿನ ಸಪ್ಪಳ ಯಾಕೆ ಬದಲಾಗುತ್ತದೆ? ದಿನಕ್ಕೊಂದು ಪರೀಕ್ಷೆ ಮಾಡುತ್ತಿದ್ದೆ. ಫಲಿತಾಂಶ ಹೇಳುವವನು ಮಾಮಾ. ನಾನು ಎಗರಾಡುತ್ತ ಓಡಿದ ದಿನ ಮೊಸರು ಕ್ಯಾನಿನಲ್ಲೇ ಕಡೆದು ಬೆಣ್ಣೆ ಬಿಟ್ಟಿರುತ್ತಿತ್ತು. ಅವನು ಮುಚ್ಚಳ ತೆಗೆದು ಇಣುಕಿ, "ಇವತ್ತ ಮತ್ತ ಬೆಣ್ಣಿ ಬಂದದ ಲೇ. ನೀ ಓಡಿಯೋ, ಕುಣದಿಯೋ?" ಎಂದು ಕಾಡಿಸುವನು. ಸೂಟಿ ಮುಗಿಯುವ ಹೊತ್ತಿಗೆ ಬೆಣ್ಣೆ ಬರುವುದು ನಿಂತಿತು. ನೋವೂ ಬರಲಿಲ್ಲ.

ಚಳಿಗಾಲದಲ್ಲಿ ಓಟ ಬಂತು. ಹತ್ತು ಕಿಲೋಮೀಟರು, ತಿಕೋಟಾ ಕಡೆಯ ರಸ್ತೆಯಲ್ಲಿ ಶುರುವಾಗಿ ಬಬಲೇಶ್ವರದಲ್ಲಿ ಮುಗಿಯುವುದು. ಪೂರ್ತಿ ಡಾಂಬರು. ಡಾಕ್ಟರು ಒತ್ತಿ ನೋಡಿ ಹೂಂ ಅಂದರು. ಅವ್ವ ಮೊದಲ ಬಾರಿ ರಜೆ ಹಾಕಿದಳು. "ಬಬಲೇಶ್ವರದಾಗ ನಿಂತಿರತೇನಿ. ಹೆಂಗ ಬರತೀ ನನ್ನ ಕಣ್ಣೀಲೆ ನೋಡತೇನಿ," ಎಂದಳು. ಅದು ಹುರಿದುಂಬಿಸುವ ಮಾತಲ್ಲವೆಂದು ನನಗೆ ಗೊತ್ತಿತ್ತು. ಕುಂಟಿದ್ದು ಕಂಡರೆ ಅಟ್ಟ ಕಾದೇ ಇತ್ತು.

ಶುರುವಿನಲ್ಲಿ ಎಲ್ಲ ಸರಿಯಾಗಿತ್ತು. ಬರೀ ಕೈ ಮಾತ್ರ ವಿಚಿತ್ರವೆನಿಸುತ್ತಿತ್ತು, ಏನೋ ಮರೆತು ಬಂದ ಹಾಗೆ. ಅರ್ಧ ದಾರಿ ದಾಟಿದ ಮೇಲೆ ಬಲಗಾಲಿನಲ್ಲಿ ಅದೇ ಜಾಗದ ಹತ್ತಿರ ಛಳ್ ಎಂದಿತು. ಮುಂದಿನ ಹೆಜ್ಜೆಗೆ ಮತ್ತೆ ಛಳ್. ನನಗೇ ತಿಳಿಯದಂತೆ ಕುಂಟತೊಡಗಿದ್ದೆ. ಹಿಂದಿದ್ದವರು ಒಬ್ಬೊಬ್ಬರಾಗಿ ದಾಟಿ ಹೋದರು. ಹಲ್ಲು ಕಚ್ಚಿ ಓಡಬಹುದಿತ್ತು. ಆದರೆ ಯಾವ ನೋವೆಂದು ಗೊತ್ತಿಲ್ಲದೆ ಓಡುವುದು ನನ್ನಿಂದಾಗದು. ರಸ್ತೆಯ ಬದಿಗೆ ಹೋಗಿ ಮೈಲಿಗಲ್ಲಿನ ಮೇಲೆ ಕೂತು, ಕಾಲ್ಚೀಲ ಇಳಿಸಿ, ಹೆಬ್ಬೆರಳು ಒತ್ತಿದೆ.

ಚುಚ್ಚಲಿಲ್ಲ. ಸ್ವಲ್ಪ ಮೇಲೆ ಒತ್ತಿದೆ, ಸ್ವಲ್ಪ ಕೆಳಗೆ. ಸುತ್ತೆಲ್ಲ ಹರಡಿಕೊಂಡ ಸೋಮಾರಿ ನೋವು. ಬರೀ ಮಾಂಸ! ಎಲುಬು ಕೂಡಿ ಎಷ್ಟೋ ದಿನವಾಗಿತ್ತು, ಕುಂಟುತ್ತಿದ್ದದ್ದು ನನ್ನ ಅಂಜಿಕೆ. ನಾನು ಒಬ್ಬಳೇ ಗಟ್ಟಿಯಾಗಿ ನಕ್ಕೆ. ಅಷ್ಟರಲ್ಲಿ ರಸ್ತೆಯಾಚೆಯ ದ್ರಾಕ್ಷಿ ತೋಟದಿಂದ ಪರಿಚಯದ ದನಿ ಕೇಳಿತು. "ಅಯ್ಯ, ಬುತ್ತಿ ಹುಡುಗಿ ಅಲ್ಲೇನ ಬೇ ಅದು? ಕೈಯಾಗ ಬುತ್ತಿ ಇಲ್ಲಲ್ಲೇ!" ಘೋಣಸಗಿಯ ಅದೇ ದಪ್ಪನೆಯ ಹೆಂಗಸು. ಟೆಂಪೋದಲ್ಲಿ ಅಲ್ಲಿಗೆ ಕೂಲಿಗೆ ಬಂದಿದ್ದಳು. ನಾನು ಕೈ ಬೀಸಿ, ಬೂಟು ಬಿಗಿದು ಓಡಿದೆ.

ಆಮೇಲಿನ ದಾರಿ ನನಗೆ ಸರಿಯಾಗಿ ನೆನಪಿಲ್ಲ, ಸುಖವಾಗಿತ್ತು ಎಂಬುದಷ್ಟೇ ನೆನಪಿದೆ. ಕೈಯಲ್ಲಿ ಕ್ಯಾನು ಇದೆಯೆಂದುಕೊಂಡು, ಬೆಣ್ಣೆ ಬರದಂತೆ ಓಡಿದೆ. ಕೆಲವರನ್ನು ಹಿಂದೆ ಹಾಕಿದೆ, ಕೆಲವರು ಸಿಗಲಿಲ್ಲ. ಬಬಲೇಶ್ವರದ ಮನೆಗಳು ಶುರುವಾದವು. ದೂರದಲ್ಲಿ ಓಟ ಮುಗಿಯುವಲ್ಲಿ ಕಟ್ಟಿದ್ದ ಬಣ್ಣದ ಬಟ್ಟೆ ಕಂಡಿತು.

ಆಗ ಆ ಕಡೆಯಿಂದ ಒಬ್ಬ ಹೆಂಗಸು ಓಡಿ ಬರುತ್ತಿದ್ದಳು. ಎಲ್ಲರೂ ಓಡುವ ದಿಕ್ಕಿಗೆ ಎದುರಾಗಿ, ಒಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು, ಇನ್ನೊಂದರಲ್ಲಿ ಫೋನು. ಚಪ್ಪಲಿ ಪಟಪಟ ಬಡಿಯುತ್ತಿದ್ದವು. ಅವ್ವ.

ಅವ್ವ ಓಡುತ್ತಿದ್ದಾಳೆ. ಆಯಿಗೆ ಏನಾಯಿತು? ಮಾಮಾನಿಗೆ? ನಾನು ರಸ್ತೆಯ ನಡುವೆಯೇ ನಿಂತುಬಿಟ್ಟೆ.

"ಏನಾತವ್ವಾ? ಯಾರಿಗಿ ಏನಾತು?"

ಅವಳು ಬಂದವಳೇ ಬಗ್ಗಿ ನನ್ನ ಎರಡೂ ಕಾಲು ಮುಟ್ಟಿ ಮುಟ್ಟಿ ನೋಡಿದಳು. ಏದುಸಿರು ಬಿಡುತ್ತಲೇ ಹೇಳಿದಳು. "ನೀ ರೋಡಿಗಿ ಬಿದ್ದೀ ಅಂದ್ರು. ಕಾಲು ಮುರದದ, ಏಳಾಕ ಬರವಲ್ದು ಅಂತ ನಿಮ್ಮ ಮಾಮಾ ಫೋನ್ ಮಾಡಿ ಅಳಾಕತ್ತಾನ."

ಆಮೇಲೆ ತಿಳಿಯಿತು, ನಾನು ಕಾಲು ಹಿಡಿದು ಕೂತಿದ್ದೆನೆಂದು ತೋಟದ ಹೆಂಗಸು ಆಯಿಗೆ ಫೋನು ಮಾಡಿದ್ದಳು, ಆಯಿ ಮಾಮಾನಿಗೆ ಹೇಳಿದ್ದಳು. ಮೈಲಿಗಲ್ಲಿನ ಮೇಲೆ ಕೂತವಳು ಫೋನಿನಲ್ಲಿ ಕಾಲು ಮುರಿದುಕೊಂಡು ನನಗಿಂತ ಮೊದಲೇ ಬಬಲೇಶ್ವರ ಮುಟ್ಟಿದ್ದಳು.

"ಏನೂ ಆಗಿಲ್ಲವ್ವಾ. ಮಾಂಸದ ನೋವು, ಅಷ್ಟ. ಒತ್ತಿ ನೋಡೇನಿ."

ಅವ್ವ ನೆಟ್ಟಗೆ ನಿಂತು ನನ್ನ ಮುಖ ನೋಡಿದಳು. ಕಣ್ಣು ತುಂಬಿದ್ದವು, ಕೂದಲು ಬಿಚ್ಚಿ ಹೋಗಿತ್ತು. ಅವಳಿಗೆ ಇನ್ನೂ ದಮ್ಮು ಹತ್ತಿತ್ತು. ನಮ್ಮಿಬ್ಬರನ್ನು ಸುತ್ತಿಕೊಂಡು ಒಬ್ಬ ಹುಡುಗಿ ಮುಂದೆ ಓಡಿದಳು. ಅವ್ವ ತಿರುಗಿ ಅವಳನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು.

"ಏನೂ ಆಗಿಲ್ಲಂದ್ರ ನಿಂತೀ ಯಾಕ ಮತ್ತ? ಓಡು!"

ನಾನು ಓಡಿದೆ. ಗೆರೆ ಮುಟ್ಟುವವರೆಗೂ ಅವ್ವನ ಚಪ್ಪಲಿಯ ಸಪ್ಪಳ ನನ್ನ ಹಿಂದೆ ಬರುತ್ತಲೇ ಇತ್ತು.