ಅಂಜಿನಮ್ಮನ ಸಕ್ಕರೆ ಅಚ್ಚಿಗೆ ಬಿದ್ದ ಕಣ್ಣು

ವರ್ತೂರಿನಲ್ಲಿ ರಾಗಿ ಬೆಳೆಯುತ್ತಿದ್ದ ನಮ್ಮ ಹೊಲದಲ್ಲಿ ಈಗ ನನ್ನ ಓರಗಿತ್ತಿ ಅಂಜಿನಮ್ಮನ ಬಾಡಿಗೆ ಮನೆಗಳು ಬೆಳೆದು ನಿಂತಿವೆ. ಪಕ್ಕದ್ದು ನನ್ನ ಮನೆ. ನಾನು ಅಕ್ಕ ಎಂದೇ ಕರೆಯುವ ಅವಳಿಗೆ ಆ ಕಟ್ಟಡದ ಮೇಲೆ ಎಷ್ಟು ಜಂಬವೋ ಸಂಕ್ರಾಂತಿಗೆ ತಾನು ಮಾಡುವ ಸಕ್ಕರೆ ಅಚ್ಚಿನ ಮೇಲೂ ಅಷ್ಟೇ. ಪಾಕ ಕಾಯಿಸಿ ಮರದ ಅಚ್ಚಿಗೆ ಹುಯ್ದರೆ ಗಿಳಿ, ಆನೆ, ತುಳಸಿಕಟ್ಟೆ ಎಲ್ಲ ಬೆಳ್ಳಗೆ ಗಟ್ಟಿಯಾಗಿ ಏಳುತ್ತಿದ್ದವು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಮಾಡುತ್ತಿದ್ದಳು.

ಹೋದ ವರ್ಷದ ಹಬ್ಬಕ್ಕೆ ಅಕ್ಕನ ಬಾಡಿಗೆ ಮನೆಯ ಸುಮಂಗಲಾ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದಳು. ಬಾಗಲಕೋಟೆ ಕಡೆಯವಳು, ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. "ಭಾಳ ಚಂದ ಮಾಡ್ತೀರಿ ಅಕ್ಕಾರ!" ಎಂದಳು, ಅಷ್ಟೇ. ಹೊಗಳಿಕೆ ಕೇಳಿದ್ದೇ ತಡ, ಅಕ್ಕ ತನ್ನ ಪ್ರತಾಪ ಹೇಳಿಕೊಳ್ಳುತ್ತಾ ಪಾಕವನ್ನು ತಿರುವಿದ್ದೇ ತಿರುವಿದ್ದು. ಅದು ಪಾತ್ರೆಯಲ್ಲೇ ಮರಳುಗಟ್ಟಿ ಕೂತಿತು. ತಪ್ಪು ಯಾರದು? ಸುಮಂಗಲಾಳ ಕಣ್ಣಿನದಂತೆ!

ಈ ಸಲ ಅಕ್ಕನ ಮೊಮ್ಮಗಳ ಮೊದಲ ಸಂಕ್ರಾಂತಿ. ಆನೇಕಲ್‌ನಿಂದ ಬೀಗರು ಬರುವವರಿದ್ದರು. ಅಕ್ಕ ಸುಮಂಗಲಾಳನ್ನು ಕರೆದು, "ಈ ಸತಿ ಅಚ್ಚು ಕೆಟ್ರೆ ನೀನು ಮನೆ ಖಾಲಿ ಮಾಡ್ಬೇಕು, ನೋಡ್ಕೊ" ಎಂದಳು. ಆ ಹುಡುಗಿಯ ಮಗು ಇದೇ ಬೀದಿಯ ಶಾಲೆಗೆ ಹೋಗುತ್ತದೆ. ವರ್ಷದ ಮಧ್ಯದಲ್ಲಿ ಎಲ್ಲಿಗೆ ಹೋಗಬೇಕು? "ನಾವು ಹಬ್ಬಕ್ಕ ಊರಿಗೇ ಹೋಗ್ತೀವ್ರಿ, ಇಲ್ಲಿ ಇರಂಗೇ ಇಲ್ಲ" ಎಂದು ಗಂಡ, ಮಗುವಿನೊಂದಿಗೆ ಬಸ್ಸು ಹತ್ತಿದಳು.

ಹಬ್ಬದ ಬೆಳಿಗ್ಗೆ ನಾನು ಹೋದಾಗ ಅಕ್ಕ ಪಾತ್ರೆಗೆ ನಿಂಬೆಹಣ್ಣಿನಿಂದ ದೃಷ್ಟಿ ಇಳಿ ತೆಗೆಯುತ್ತಿದ್ದಳು. ತೆಗೆದು ಬೀದಿಗೆಸೆದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಕುದಿಯುವ ಪಾಕಕ್ಕೇ ಹಿಂಡಿಬಿಟ್ಟಳು.

"ಅಯ್ಯೋ ಅಕ್ಕಾ, ಏನ್ ಮಾಡ್ದೆ!"

"ದೃಷ್ಟಿ ಒಳಗಿಂದ್ಲೇ ಓಗ್ಲಿ ಅಂತ ಕಣೇ."

"ಜಾಮೂನ್ ಪಾಕಕ್ಕೆ ನಿಂಬೆಹುಳಿ ಯಾಕ್ ಹಿಂಡ್ತೀಯ? ಗಟ್ಟಿ ಆಗ್ಬಾರ್ದು ಅಂತ ತಾನೆ?"

"ಅದು ಜಾಮೂನು, ಇದು ದೃಷ್ಟಿ. ಸುಮ್ಕಿರು."

ಹಿಂಡಿದ್ದು ಜಾಮೂನಿಗೋ ದೃಷ್ಟಿಗೋ ಸಕ್ಕರೆಗೆ ಏನು ಗೊತ್ತು ಪಾಪ? ನೀರಲ್ಲಿ ಕರಗಿದ ಸಕ್ಕರೆ ಹುಳಿಯ ಜೊತೆ ಕುದಿದರೆ ಮತ್ತೆ ಹರಳುಗಟ್ಟಲು ಒದ್ದಾಡುತ್ತದೆ. ಇಡೀ ಹಣ್ಣು ಹಿಂಡಿದ ಮೇಲಂತೂ ಕೇಳಲೇಬೇಡಿ.

ಬೀಗರ ಮುಂದೆ ಅಚ್ಚು ಬಿಚ್ಚಿದರೆ ಗಿಳಿ ಗೋಂದಿನ ಹಾಗೆ ಉದ್ದಕ್ಕೆ ಎಳೆಯಾಗಿ ಬಂತು. ಆನೆ ತಟ್ಟೆಯಲ್ಲಿ ಮಲಗಿತು. ಬೀಗಿತ್ತಿ ಬೆರಳಲ್ಲಿ ತೆಗೆದು ನೆಕ್ಕಿ, "ಜೇನುತುಪ್ಪನಾ?" ಎಂದು ಕೇಳಿದಳು.

"ಎಲ್ಲ ಅವಳ್ದೇ ಕಣ್ಣು!" ಎಂದು ಅಕ್ಕ ಕಿರುಚಿದಳು.

ನನಗೆ ಮೈಯೆಲ್ಲ ಉರಿದುಹೋಯಿತು. "ಅವಳು ಊರಲ್ಲೇ ಇಲ್ಲ. ಬೆಳಿಗ್ಗೆಯಿಂದ ರೆಪ್ಪೆ ಬಡೀದೆ ಪಾಕ ನೋಡ್ತಾ ಕೂತಿದ್ದು ನೀನೊಬ್ಳೇ. ಅಂಗಾರೆ ಕಣ್ಣು ಯಾರ್ದು?"

ಬೀಗಿತ್ತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಕ್ಕ ಮಾತ್ರ ತಡವರಿಸಲಿಲ್ಲ. "ವಾಟ್ಸಾಪ್ ಸ್ಟೇಟಸ್ಸಿಗೆ ಫೋಟೊ ಆಕಿದ್ದೆ. ಅಲ್ಲಿಂದ್ಲೇ ನೋಡವ್ಳೆ!"

ಸುಮಂಗಲಾ ಊರಿನಿಂದ ಬಂದಾಗ ಅವಳ ಪಾತ್ರೆ, ಚಾಪೆ, ಮಗುವಿನ ಪುಸ್ತಕ ಎಲ್ಲ ಮೆಟ್ಟಿಲ ಮೇಲಿದ್ದವು. ಅವಳು ಬಗ್ಗಿ ಪುಸ್ತಕಗಳನ್ನು ಜೋಡಿಸಿಕೊಳ್ಳತೊಡಗಿದಳು. ನಾನೇ ಕೈಹಿಡಿದು ಕರೆದುಕೊಂಡು ಹೋಗಿ ನನ್ನ ಮಹಡಿಯ ರೂಮು ತೆಗೆದುಕೊಟ್ಟೆ.

ಅಂದಿನಿಂದ ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಖಾಲಿ ಮನೆ ಕೇಳಿಕೊಂಡು ಬಂದವರನ್ನೆಲ್ಲ ಬೆಳಕಿಗೆ ನಿಲ್ಲಿಸಿ ಕಣ್ಣು ಪರೀಕ್ಷೆ ಮಾಡುತ್ತಾಳಂತೆ. ಇನ್ನೂ ಒಬ್ಬರೂ ಪಾಸಾಗಿಲ್ಲ.