ಬಲಗೈ ಕಡೆಯ ಚೆಂಡು

ಹುಲ್ಲಹಳ್ಳಿಯ ಮಲ್ಲಿಕಾರ್ಜುನನ ಮಾತು ಯಾರಾದರೂ ಎತ್ತಿದರೆ ನನಗೆ ಮೊದಲು ಬರುವುದು ಸಿಟ್ಟು. ಅಳು ಆಮೇಲೆ. ನಮ್ಮ ನಂಜನಗೂಡು ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಅವನು. ನಾನು ಮಹಾದೇವಸ್ವಾಮಿ, ಅವನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವ ಸ್ಟಾಪರ್ ಆಗಿ ಆಡಿದವನು, ತಂಡಕ್ಕೆ ಹಿರಿಯವನು. ನನ್ನ ಬಾಯಿ ಜೋರು ಅಂತ ಊರೆಲ್ಲ ಹೇಳುತ್ತದೆ. ಹೇಳಲಿ ಬಿಡಿ, ಸುಳ್ಳೇನಲ್ಲ.

ಮಲ್ಲಿ ಹಗಲೆಲ್ಲ ಸೋದರಮಾವ ಚಿಕ್ಕಬಸಪ್ಪನ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುತ್ತಿದ್ದ. ಸಂಜೆ ಬಸ್ಸು ಹತ್ತಿ ನಂಜನಗೂಡಿನ ಮೈದಾನಕ್ಕೆ ಬರುತ್ತಿದ್ದ. ಮೈಯಿಂದ ಬೆಲ್ಲದ ವಾಸನೆ. ನೊಣ ಮುತ್ತುತ್ತದೆ, ದೂರ ನಿಂತ್ಕೊಳ್ಳೋ ಎಂದು ಹುಡುಗರು ರೇಗಿಸುತ್ತಿದ್ದರು. ಆದರೆ ಎಂಥ ಕೈ ಅಂತೀರಿ! ದೂರದಿಂದ ಬಂದ ಚೆಂಡನ್ನು ಹಾರಿ ಹಿಡಿದರೆ ಸದ್ದೇ ಬರುತ್ತಿರಲಿಲ್ಲ. ಅದರಲ್ಲೂ ಬಲಗೈ ಕಡೆ ಬಂದ ಚೆಂಡು ಅವನನ್ನು ದಾಟಿ ಹೋದದ್ದನ್ನು ನಾನು ನೋಡಿದ ನೆನಪಿಲ್ಲ.

ಕುತ್ತು ಇದ್ದದ್ದು ಕಾಲಿನಲ್ಲಿ. ಚೆಂಡು ನೆಲಕ್ಕಂಟಿಕೊಂಡು, ನಿಂತ ಕಾಲಿನ ಪಕ್ಕಕ್ಕೇ ಬಂದರೆ ಕೈ ಇಳಿಯುವಷ್ಟರಲ್ಲಿ ಅದು ಬಲೆ ಸೇರಿರುತ್ತದೆ. ಕಾಲಾದರೋ ಆಗಲೇ ನೆಲದಲ್ಲಿದೆ, ಚಾಚಿದರೆ ಸಾಕು. ಹತ್ತಿರದ್ದಕ್ಕೆ ಕಾಲು, ದೂರದ್ದಕ್ಕೆ ಕೈ. ಇಷ್ಟೇ. ಈ ಪುಣ್ಯಾತ್ಮ ಮಾತ್ರ ಅದಕ್ಕೂ ಬಗ್ಗಿ ಕೈ ಒಡ್ಡುತ್ತಿದ್ದ. ಅಕಸ್ಮಾತ್ ಕಾಲಿಗೆ ತಗುಲಿ ಚೆಂಡು ನಿಂತಿತೋ, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಆಟದ ನಡುವೆ!

"ಲೇ, ಗೋಲ್‌ಕಿಕ್ ಕಾಲಲ್ಲೇ ತಾನೆ ಒಡೆಯೋದು? ಆಗ ಇಲ್ಲದ್ದು ಈಗೇನ್ಲಾ ನಿನ್ನ ಮಡಿ?" ಎಂದು ನಾನು ಕೂಗಾಡಿದೆ.

"ಅದು ಕಳ್ಸೋದು ಕಣಣ್ಣಾ. ಇದು ಬರೋದು. ಬಂದುದ್ದ ಕೈಯೊಡ್ಡಿ ಈಸ್ಕಬೇಕು ಅಂತಾಳೆ ನಮ್ಮವ್ವ. ಕಾಲಲ್ಲಿ ತಳ್ಳುದ್ರೆ ಮನೆಗೆ ಬಂದೋರ್ನ ಒದ್ದಂಗೆ."

ಅವನವ್ವ ರುದ್ರಮ್ಮ ಇಷ್ಟಲಿಂಗ ಪೂಜೆ ಮಾಡದೆ ಹನಿ ನೀರು ಕುಡಿಯುವವರಲ್ಲ. ಹೊಸ್ತಿಲು ತುಳಿದರೆ, ಮೊರಕ್ಕೆ ಕಾಲು ತಾಗಿದರೆ ಮಗನ ತಲೆಗೊಂದು ಮೊಟಕುತ್ತಿದ್ದರಂತೆ. ಆ ಮೊಟಕು ಮೈಗಿಳಿದುಬಿಟ್ಟಿತ್ತು. ನಾನೂ ಬಿಡಲಿಲ್ಲ. ಟವಲಿನಿಂದ ಅವನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಗೋಲಿನಲ್ಲಿ ನಿಲ್ಲಿಸಿ ಹತ್ತಿರದಿಂದ ಚೆಂಡು ಹೊಡೆಯುತ್ತಿದ್ದೆ. ಬೈದೆ, ಅಂಗಲಾಚಿದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಾಲು ತಾನಾಗಿ ಚಾಚತೊಡಗಿತು. ಕಣ್ಣಿಗೊತ್ತಿಕೊಳ್ಳುವುದನ್ನು ಮಾತ್ರ ಬಿಡಿಸಲಾಗಲಿಲ್ಲ. ಚೆಂಡು ಹೊರಗೆ ಹೋದ ಮೇಲೆ ಮಾಡ್ಕೊಳ್ಳೋ ಮಾರಾಯ ಎಂದು ರಾಜಿಗೆ ಬಂದೆವು.

ಆ ವರ್ಷ ಜಿಲ್ಲಾ ತಂಡದ ಆಯ್ಕೆಗೆ ಅವನ ಹೆಸರು ಹೋಯಿತು. ದಸರಾ ಕಳೆದ ಭಾನುವಾರ ಮೈಸೂರಿಗೆ ಹೋಗಬೇಕಿತ್ತು. ಅದಕ್ಕೇ ನಾನು ಆಯುಧ ಪೂಜೆಯ ದಿನ ತಂಡದ ಚೆಂಡು ಹಿಡಿದು ಹುಲ್ಲಹಳ್ಳಿಗೆ ಹೋದದ್ದು. ಆಲೆಮನೆಯಲ್ಲಿ ಗಾಣಕ್ಕೆ ವಿಭೂತಿ ಬಳಿದು ಸೇವಂತಿಗೆ ಹಾರ ಹಾಕಿದ್ದರು. ಮುಂದೆ ಸಾಲಾಗಿ ಕುಡುಗೋಲು, ಮಚ್ಚು, ಸ್ಪ್ಯಾನರು, ಗಾಣಕ್ಕೆ ಕಬ್ಬು ತಳ್ಳುವ ಕೋಲು. ಅವುಗಳ ಪಕ್ಕ ಮಲ್ಲಿಯ ಗ್ಲೌಸು. ನಾನು ಚೆಂಡನ್ನೂ ಇಟ್ಟೆ. ರುದ್ರಮ್ಮ ಎಲ್ಲಕ್ಕೂ ಕುಂಕುಮ ಇಟ್ಟರು.

ಅವರಲ್ಲೊಂದು ಪದ್ಧತಿ. ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನದವರೆಗೆ ಎತ್ತುವಂತಿಲ್ಲ. ಗಾಣವನ್ನು ಮಾತ್ರ ಒಂದು ಸಲ ಓಡಿಸಿ, ಒಂದು ಹಿಡಿ ಕಬ್ಬು ಕೊಟ್ಟು, ಬಂದ ಕಬ್ಬಿನಹಾಲನ್ನು ನೈವೇದ್ಯಕ್ಕಿಡಬೇಕು. ಚಿಕ್ಕಬಸಪ್ಪ ಸ್ವಿಚ್ ಹಾಕಿದರು. ಮಲ್ಲಿ ಕಬ್ಬು ಕೊಟ್ಟ. ಅದು ಅರ್ಧಕ್ಕೇ ಸಿಕ್ಕಿಕೊಂಡು ಉರುಳೆಗಳು ಗೊರಗುಟ್ಟಿದವು.

ಬೇರೆ ದಿನವಾಗಿದ್ದರೆ ಕೋಲಿನಿಂದ ತಳ್ಳುತ್ತಿದ್ದ. ಕೋಲು ಪೂಜೆಯಲ್ಲಿತ್ತು. ಕೋಲು ಕೈಗೆಟುಕದಾಗ ಕಬ್ಬಿನ ತುದಿಗೆ ಹಿಮ್ಮಡಿ ಕೊಟ್ಟು ಒದೆಯುತ್ತಿದ್ದುದೂ ಉಂಟು. ಅವನ ಬಲಗಾಲು ಎದ್ದದ್ದನ್ನು ನನ್ನ ಈ ಕಣ್ಣುಗಳೇ ನೋಡಿವೆ. ಎದ್ದ ಕಾಲು ಹಾರ ಹಾಕಿದ ಗಾಣವನ್ನು ನೋಡಿ ಹಾಗೇ ಕೆಳಗಿಳಿಯಿತು. ಬಲಗೈ ಮುಂದೆ ಹೋಯಿತು.

ಚಿಕ್ಕಬಸಪ್ಪ ಸ್ವಿಚ್ ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ನೈವೇದ್ಯದ ಹಾಲು ಹಿಡಿಯಲು ಇಟ್ಟಿದ್ದ ಚೊಂಬಿನಲ್ಲಿ ಏನಿತ್ತು ಎಂದು ನಾನು ಬಾಯಿಬಿಟ್ಟು ಹೇಳಲಾರೆ. ರುದ್ರಮ್ಮ ಗರ ಬಡಿದವರಂತೆ ಕುಂಕುಮದ ಬಟ್ಟಲು ಹಿಡಿದು ನಿಂತೇ ಇದ್ದರು. ಮೈಸೂರಿನ ಆಸ್ಪತ್ರೆಯಲ್ಲಿ ಬಲಗೈಯನ್ನು ಮಣಿಕಟ್ಟಿನವರೆಗೆ ತೆಗೆದರು. ಎಚ್ಚರವಾದಾಗ ಅವನು ಕೇಳಿದ್ದು ಒಂದೇ. "ಗ್ಲೌಸು ಎತ್ತಿಟ್ರಾ ಅಣ್ಣಾ?"

ಮೋಟರು ನಿಲ್ಲಿಸಬೇಕಿತ್ತು, ಅಷ್ಟೇ ತಾನೆ! ದೇವರು ಬೇಡ ಅನ್ನುತ್ತಿದ್ದನೇ? ಯಾರ ಮೇಲೆ ಸಿಟ್ಟು ಮಾಡಲಿ ನಾನು? ಮಗನನ್ನು ಮೊಟಕಿದ ಆ ತಾಯಿಯ ಮೇಲೋ? ಆಕೆ ಅಂದಿನಿಂದ ಸರಿಯಾಗಿ ಊಟ ಮಾಡಿಲ್ಲ. ಭಾನುವಾರ ಬಂತು, ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಇಲ್ಲಿ ಕೈಯೇ ಹೋಯಿತು.

ವರ್ಷ ತುಂಬುತ್ತಾ ಬಂದಾಗ ಮಲ್ಲಿ ಮೈದಾನಕ್ಕೆ ಬಂದ. ಬಡವಾಗಿದ್ದ. ಟಿ. ನರಸೀಪುರದ ತಂಡದ ಜೊತೆ ನಮಗೆ ವರ್ಷಕ್ಕೊಂದು ಪಂದ್ಯ ಇರುತ್ತದೆ.

"ಅದೊಂದು ಆಟ ನನ್ನ ನಿಲ್ಲುಸಣ್ಣಾ. ಆಗ್ತದೆ ಅಂದ್ರೆ ನನ್ನ ಜಾಗ ನಂಗೆ ಕೊಡು. ಆಗಲ್ಲ ಅಂದ್ರೆ ನಾನೇ ಬುಡ್ತೀನಿ, ಇನ್ನೊಂದ್ಸಲ ಕೇಳಕಿಲ್ಲ" ಅಂದ. ತಂಡದಲ್ಲಿ ಗೊಣಗಿದವರ ಬಾಯಿಯನ್ನು ನಾನೇ ಮುಚ್ಚಿಸಿದೆ.

ನರಸೀಪುರದ ಮೈದಾನದಲ್ಲಿ ಅವನು ಎಡಗೈಗೆ ಗ್ಲೌಸು ತೊಟ್ಟ. ಬಲಗೈಯದಕ್ಕೆ ಬಟ್ಟೆ ತುರುಕಿ ಮೊಂಡುಗೈಗೆ ಕಟ್ಟಿಸಿಕೊಂಡ. ಕಟ್ಟಿದವನು ನಾನು. ಆಟ ಶುರುವಾಯಿತು. ಮೊದಲ ಚೆಂಡು ನೆಲದಲ್ಲಿ ಬಂತು, ಕಾಲು ಚಾಚಿ ತಡೆದ. ಎರಡನೆಯದನ್ನೂ ತಡೆದ. ಅವರ ನಾಯಕ ನಿಂಗರಾಜು ಒಬ್ಬನೇ ನುಗ್ಗಿ ಬಂದು ಹೊಡೆದದ್ದನ್ನೂ ಹಿಮ್ಮಡಿಯಲ್ಲಿ ಹೊರಗಟ್ಟಿ, ಹೋಗಿ ಚೆಂಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಎಡಗೈಯಿಂದ. ಜನ ಶಿಳ್ಳೆ ಹೊಡೆದರು. ನಾನು ಹುಚ್ಚನಂತೆ ಕುಣಿದೆ. ಟವಲು ಕಟ್ಟಿ ಕಲಿಸಿದ್ದು ವ್ಯರ್ಥವಾಗಲಿಲ್ಲವಲ್ಲ ಎಂದು ಕಣ್ಣು ತುಂಬಿ ಬಂತು.

ಅರ್ಧ ಆಟದ ಬಿಡುವಿನಲ್ಲಿ ಎಲ್ಲರೂ ಬೆನ್ನು ತಟ್ಟಿದರು. ಅವನು ನೀರು ಕುಡಿಯಲಿಲ್ಲ.

"ಅವ್ರು ಕಾಲ್ಗೇ ಒಡೀತಾವ್ರೆ ಕಣಣ್ಣಾ."

"ತಲೆ ಕೆಟ್ಟದಾ ನಿಂಗೆ? ನೀನು ತಡೀತಾ ಇದ್ದೀಯ ಕಣ್ಲಾ!"

"ಒಂದಾದ್ರೂ ಬಲಗಡೆ ಮ್ಯಾಕೆ ಬಂತಾ? ನೆಪ್ಪು ಮಾಡ್ಕೊ."

ನೆನೆದೆ. ಒಂದೂ ಬಂದಿರಲಿಲ್ಲ. ಎಂಥ ಒಳ್ಳೆಯ ಜನ! ಅವರ ಆ ಒಳ್ಳೆಯತನಕ್ಕೆ ಬೆಂಕಿ ಬೀಳ!

ಬಿಡುವು ಮುಗಿದಾಗ ಮಲ್ಲಿ ನೇರ ನಿಂಗರಾಜುವಿನ ಹತ್ತಿರ ನಡೆದ. ನಾನೂ ಹಿಂದೆಯೇ ಹೋದೆ.

"ಅಣ್ಣಾ, ಬಲಗಡೆಗೆ ಒಡಿ. ಮೊದ್ಲು ಎಂಗೆ ಒಡೀತಿದ್ದೋ ಅಂಗೆ."

ನಿಂಗರಾಜು ತಲೆ ತಗ್ಗಿಸಿದ. "ಕೈ ಇಲ್ದಿರೋ ಕಡೀಕೆ ಎಂಗ್ಲಾ ಒಡೀಲಿ? ಶಿವ ಮೆಚ್ತಾನಾ?"

"ನೀನು ಒಡೀದಿದ್ರೆ ನಂಗೆ ಗೊತ್ತಾಗೋದಾದ್ರೂ ಎಂಗೆ? ನಿನ್ನ ಕಾಲಿಗೆ ಬೀಳ್ತೀನಿ, ಒಡಿ."

ಸ್ವಲ್ಪ ಹೊತ್ತಿಗೆ ನಿಂಗರಾಜುವಿಗೆ ಚೆಂಡು ಸಿಕ್ಕಿತು. ಸುಳ್ಳು ಹೊಡೆತ ಹೊಡೆಯಲಿಲ್ಲ ಅವನು, ಅಷ್ಟು ಮರ್ಯಾದೆ ಕೊಟ್ಟ. ಬಲಗಡೆ, ಎದೆಯೆತ್ತರ. ಹಿಂದೆಲ್ಲ ಮಲ್ಲಿ ನಗುನಗುತ್ತಾ ಹಿಡಿಯುತ್ತಿದ್ದ ಚೆಂಡು. ಅವನು ಹಾರಿದ. ಅಂಥ ಚೆಂದದ ಹಾರುವಿಕೆಯನ್ನು ನಾನು ಯಾವ ಕೀಪರನಲ್ಲೂ ಕಂಡಿಲ್ಲ. ಹೊತ್ತು ಸರಿ, ದಿಕ್ಕು ಸರಿ, ತೋಳು ಹೋಗಬೇಕಾದ ಜಾಗಕ್ಕೇ ಹೋಯಿತು. ಚೆಂಡು ಬಟ್ಟೆ ತುರುಕಿದ ಗ್ಲೌಸನ್ನು ಹಿಂದಕ್ಕೆ ಮಡಿಸಿ ಬಲೆಯೊಳಗೆ ಹೋಯಿತು.

ನಿಂಗರಾಜು ಇದ್ದಲ್ಲೇ ಕುಕ್ಕರಿಸಿದ. ಮಲ್ಲಿ ಎದ್ದು ಮಣ್ಣು ಕೊಡವಿಕೊಂಡು, ಬಲೆಯಿಂದ ಚೆಂಡನ್ನು ಎಡಗೈಯಲ್ಲಿ ಎತ್ತಿಕೊಂಡ. ಈ ಸಲ ಕಾಲು ತಾಗಿರಲಿಲ್ಲ. ಆದರೂ ಅದನ್ನು ಕಣ್ಣಿಗೊತ್ತಿಕೊಂಡು ಬಹಳ ಹೊತ್ತು ಹಾಗೇ ನಿಂತ. ಆಮೇಲೆ ತಂದು ನನಗೆ ಕೊಟ್ಟ. ಬಲಗೈಯನ್ನು ಮುಂದೆ ಚಾಚಿದ, ಗ್ಲೌಸು ಬಿಚ್ಚು ಅಂತ. ಗಂಟನ್ನು ನಾನೇ ಬಿಗಿಯಾಗಿ ಹಾಕಿದ್ದೆ, ಬೆರಳಿಗೆ ಸಿಗಲಿಲ್ಲ, ಹಲ್ಲಿನಿಂದ ಕಚ್ಚಿ ಎಳೆದೆ.

"ಆಗಲ್ಲ ಕಣಣ್ಣಾ," ಅಂದ. "ಬ್ಯಾರೆಯವ್ರ ನಿಲ್ಲುಸು."