ಕಂಬಕ್ಕೆ ಮೂರು ಸುತ್ತು

ಅವರ ಕಾಲಿನ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳಿಂದ ದೂರ ಸರಿದು, ಕೈಯ ಹೆಬ್ಬೆರಳಿನಂತೆ ಬೇರೆಯೇ ನಿಂತಿತ್ತು. ಆ ಸಂದಿಯಲ್ಲಿ ಹಗ್ಗ ಸಿಕ್ಕಿಸಿ, ತುದಿಯಿಂದ ತುದಿಯವರೆಗೆ ಮೆಲ್ಲಗೆ ಎಳೆಯುತ್ತ ಕೂರುತ್ತಿದ್ದರು. ಎಲ್ಲಾದರೂ ಒಂದು ಎಳೆ ಸವೆದಿದ್ದರೆ ಕಣ್ಣಿಗಿಂತ ಮೊದಲು ಕಾಲಿಗೆ ತಿಳಿಯುತ್ತಿತ್ತು. ಅದು ಮುಗಿಯುವವರೆಗೆ ಚಹಾ ಕೊಟ್ಟರೂ ಮುಟ್ಟುತ್ತಿರಲಿಲ್ಲ.

ಇಳಕಲ್ಲಿನ ನಮ್ಮ ಓಣಿಗೆ ಅವರು ಗಿಡದ ಕಾಕಾ. ರಾಮಥಾಳದ ಕಡೆಯ ಕುರಿಗಾರರು. ಹಣೆಗೆ ಬೀರಪ್ಪನ ಭಂಡಾರ, ಹೆಗಲಿಗೆ ಕಂಬಳಿ. ಕುರಿಗೆ ತೊಪ್ಪಲು ಹಾಕುತ್ತ ಹಾಕುತ್ತ ಗಿಡ ಏರುವುದು ಕಲಿತವರು. ಕಡಿಯುವುದು ಎಂಬ ಮಾತೇ ಅವರ ಬಾಯಲ್ಲಿರಲಿಲ್ಲ. "ನಾವು ಗಿಡಾ ಇಳಸೂದ್ರಿ ಅಕ್ಕಾರ. ಕಡ್ಯಾಕ ಯಾರ್ ಬೇಕಾದ್ರೂ ಬರ್ತಾರ" ಅನ್ನುತ್ತಿದ್ದರು.

ನಾನು ಸೀರೆ ಗಂಟು ಹೊತ್ತು ಮನೆಮನೆ ತಿರುಗಿ, ಆಮೇಲೆ ಅಂಗಡಿ ಹಾಕಿ, ಮನೆ ಕಟ್ಟಿದವಳು. ಮನೆ ಮುಂದೆ ಚೆಂದಕ್ಕೆಂದು ಆಕಾಶಮಲ್ಲಿಗೆ ಹಚ್ಚಿದ್ದೆ. ಹಚ್ಚುವವರಿಗೆ ನನ್ನದೊಂದು ಮಾತು: ಹೂವಿನ ವಾಸನೆಗೆ ಮರುಳಾಗುವ ಮೊದಲು ಟೊಂಗೆ ಮುರಿದು ನೋಡಿ. ಮಾಳಿಗೆ ಮೀರಿ ಬೆಳೆಯುತ್ತದೆ, ಗಾಳಿಗೆ ಹಪ್ಪಳದಂತೆ ಮುರಿಯುತ್ತದೆ. ನನ್ನ ಗಿಡದ ದೊಡ್ಡ ಟೊಂಗೆ ಪಕ್ಕದ ಮನೆಯ ನೇಕಾರಣ್ಣನ ಮಗ್ಗದ ಕೋಣೆಯ ತಗಡಿನ ಮೇಲೆ ಚಾಚಿತ್ತು. ಮುಂಗಾರಿನ ಗಾಳಿ ಏಳುವ ದಿನಗಳು. ಬಿದ್ದರೆ ಮಗ್ಗದಲ್ಲಿ ಕೂತವನ ತಲೆಯ ಮೇಲೆಯೇ.

ಕಾಕಾ ಮೂರು ದಿನದ ಕೂಲಿ ಕೇಳಿದರು. ಎರಡಕ್ಕೆ ಇಳಿಸಿದೆ. ನಕ್ಕು ಒಪ್ಪಿದರು. ಅವರದೊಂದು ಪದ್ಧತಿ ಇತ್ತು. ಟೊಂಗೆಗೆ ಕಟ್ಟಿದ ಹಗ್ಗವನ್ನು ಮೇಲಿನ ಕವಲಿನಿಂದ ಇಳಿಬಿಟ್ಟು, ಅಂಗಳದ ಬಣ್ಣದ ಕಲ್ಲುಕಂಬಕ್ಕೆ ಮೂರು ಸುತ್ತು ಹಾಕಿ, ತುದಿಯನ್ನು ಮನೆಯ ಯಜಮಾನರ ಕೈಗೇ ಕೊಡುತ್ತಿದ್ದರು. ಕೂಲಿಯವರ ಕೈಗೆ ಎಂದೂ ಕೊಟ್ಟವರಲ್ಲ.

"ದಿನದಾಗ ಚೌಕಾಶಿ ಮಾಡಿದ್ರಿ, ಆತು. ಸುತ್ತಿನಾಗ ಮಾಡಬ್ಯಾಡ್ರಿ" ಎಂದು ತುದಿಯನ್ನು ನನಗೆ ಕೊಟ್ಟು ಏರಿದರು.

ನೇಕಾರಣ್ಣನನ್ನು ಮಗ್ಗದಿಂದ ಎಬ್ಬಿಸಿ ಹೊರಗೆ ಕಳಿಸಿದ್ದೆವು. ಮೊದಲ ಎರಡು ಟೊಂಗೆಗಳು ಬೆಕ್ಕು ಇಳಿದಂತೆ ಸದ್ದಿಲ್ಲದೆ ಇಳಿದವು. ದೊಡ್ಡದು ಉಳಿಯಿತು. ಅಷ್ಟರಲ್ಲಿ ಗಾಳಿ ಎದ್ದಿತು. ಮೂರು ಸುತ್ತಿದ್ದರೆ ಹಗ್ಗ ಬಲು ನಿಧಾನ ಜಾರುತ್ತದೆ. ನನಗೋ ಅಂಗಡಿ ತೆರೆಯುವ ಹೊತ್ತು. ಕಾಕಾ ಆ ಕಡೆ ತಿರುಗಿ ಗರಗಸ ಹಚ್ಚುತ್ತಿದ್ದಂತೆ ಒಂದು ಸುತ್ತು ಬಿಚ್ಚಿದೆ.

ಟೊಂಗೆ ಕಳಚಿ ಹಗ್ಗಕ್ಕೆ ಜೋತುಬಿತ್ತು. ಅದೇ ಹೊತ್ತಿಗೆ ಮೇಲಿನಿಂದ ಕೂಗು: "ಅಕ್ಕಾರ, ಬಿಗಿ ಹಿಡೀರಿ! ಒಳಗ ಮನಷ್ಯಾ ಅದಾನ!"

ಮಗ್ಗದ ಮೇಲೆ ಧೂಳು ಬೀಳಬಾರದೆಂದು ಚಾದರ ಹೊದಿಸಲು ನೇಕಾರಣ್ಣ ಯಾರಿಗೂ ಹೇಳದೆ ಒಳಹೊಕ್ಕಿದ್ದ. ಹಿಂದಕ್ಕೆ ವಾಲಿ ಎಳೆದೆ. ಗಾಳಿ ಟೊಂಗೆಯನ್ನು ಗರಗರ ತಿರುಗಿಸಿತು. ಹಗ್ಗ ಅಂಗೈ ಸುಡುತ್ತ ಓಡಿತು. ತಗಡು ಹರಿದ ಸದ್ದು. ಆಮೇಲೆ ಏನೂ ಇಲ್ಲ.

ಧೂಳಿನೊಳಗಿಂದ ಕೆಮ್ಮು ಕೇಳಿಸಿತು. ನೇಕಾರಣ್ಣ ಮಗ್ಗದ ಕೆಳಗೆ ಕಾಲಿಡುವ ಕುಣಿಯೊಳಗೆ ಹಾರಿ ಉಳಿದುಕೊಂಡಿದ್ದ. "ಕುರಿ ಕಾಯೂದು ಬಿಟ್ಟು ಗಿಡಾ ಏರಂತ ಯಾರ್ ಹೇಳ್ಯಾರೋ ಮುದುಕಾ ನಿನಗ?" ಎನ್ನುತ್ತಲೇ ಹೊರಬಂದ. ಓಣಿಯೆಲ್ಲ ನೆರೆಯಿತು. ಕಾಕಾ ಇಳಿದು ಬಂದು ಕಂಬ ನೋಡಿದರು. ಎರಡು ಸುತ್ತು. ನನ್ನ ಮುಖ ನೋಡಿದರು. ನೇಕಾರಣ್ಣನಿಗೆ ಕೈಮುಗಿದು, "ನನ್ನ ಅಂದಾಜು ತಪ್ಪಿತೋ ಯಪ್ಪಾ" ಎಂದರು.

ನಾನು ಸುಮ್ಮನಿದ್ದೆ. ಮಾತಿನಿಂದಲೇ ಬದುಕು ಕಟ್ಟಿದವಳು, ಸುಮ್ಮನಿದ್ದೆ. ಅವರಿಗೆ ಕೆಲಸ ಹೇಳಿದ್ದ ಎರಡು ಮನೆಯವರು ನನ್ನೆದುರೇ "ನಮ್ಮ ಗಿಡಾ ಸದ್ಯ ಇರ್ಲಿ ಬಿಡೋ" ಎಂದು ಹೋದರು.

ಮರುದಿನ ಮುಂಜಾನೆ ಕಾಕಾ ಉಳಿದ ಬೊಡ್ಡೆ ಇಳಿಸಲು ಬಂದರು. ಹಗ್ಗವನ್ನು ಕಾಲಲ್ಲಿ ಎಳೆದು ನೋಡಿದರು. ಮೂರು ಸುತ್ತು ಹಾಕಿ, ತುದಿಯನ್ನು ಮತ್ತೆ ನನಗೇ ಚಾಚಿದರು. ಗೋಡೆಯಾಚೆಯಿಂದ ನೇಕಾರಣ್ಣ, "ಇವತ್ತರ ಅಂದಾಜು ಬರೋಬ್ಬರಿ ಐತೇನೋ ಮುದುಕಾ?" ಎಂದ.

ಇನ್ನು ತಡೆಯಲಾಗಲಿಲ್ಲ. "ಅಣ್ಣಾ, ಕಾಕಾಂದು ತಪ್ಪಿಲ್ಲ. ನಿನ್ನಿ ಒಂದು ಸುತ್ತು ಬಿಚ್ಚಿದಾಕಿ ನಾ."

ಅವನು ಕಂಬವನ್ನೂ ನನ್ನನ್ನೂ ನೋಡಿದ. "ಸೀರಿ ರೇಟಿನಾಗ ನಮ್ಮನ್ನ ಇಳಸ್ತೀರಿ ಅಂತ ಗೊತ್ತಿತ್ರಿ. ಹಗ್ಗಾನೂ ಬಿಡಲಿಲ್ಲಲ್ರಿ ಅಕ್ಕಾರ!" ಓಣಿಗೆಲ್ಲ ಕೇಳುವಂತೆ ಅಂದ. ಅಂದದ್ದೇ ಒಳ್ಳೆಯದಾಯಿತು, ಆ ಎರಡೂ ಮನೆಯವರು ವಾರದೊಳಗೆ ಕಾಕಾನನ್ನು ಮತ್ತೆ ಕರೆದರು. ತಗಡು ನಾನೇ ಹಾಕಿಸಿಕೊಟ್ಟೆ.

"ಯಾಕ್ ಮೈಮ್ಯಾಲೆ ಹಾಕ್ಕೊಂಡ್ರಿ ಕಾಕಾ?" ಎಂದು ಅವತ್ತೇ ಬೊಡ್ಡೆ ಇಳಿಸಿದ ಮೇಲೆ ಕೇಳಿದೆ.

"ಅವಂಗ ನಿಮ್ಮ ಗ್ವಾಡಿ ಬಾಜೂ ಬಾಳೇ ಮಾಡೂದೈತ್ರಿ. ನಾ ಸಂಜಿಕೆ ಹೋಗಾಂವ."

"ಮತ್ತ ಇವತ್ತೂ ಹಗ್ಗ ನನಗ ಯಾಕ್ ಕೊಟ್ರಿ?"

ಬಟ್ಟೆ ಸುತ್ತಿದ ನನ್ನ ಅಂಗೈ ನೋಡಿ ನಕ್ಕರು. "ಇವತ್ತ ನಿಮ್ಮಷ್ಟು ಬಿಗಿ ಯಾರೂ ಹಿಡ್ಯಾಂಗಿಲ್ರಿ."

ಕಳೆದ ವರ್ಷ ಕುರಿಹಟ್ಟಿಯಲ್ಲೇ ಜ್ವರ ಬಂದು ತೀರಿಕೊಂಡರು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಮಣ್ಣು ಕೊಟ್ಟಾಗಿತ್ತು.

ಈಚೆಗೆ ಮನೆಗೆ ಬಣ್ಣ ಹಚ್ಚಿಸಿದೆ. ಹಗ್ಗ ಓಡಿ ಸುಟ್ಟ ಎರಡು ಕಪ್ಪು ಗೆರೆಗಳು ಕಲ್ಲುಕಂಬದ ಮೇಲೆ ಹಾಗೇ ಇವೆ. "ಇದನ್ನ ಮುಚ್ಚಿ ಬಿಡ್ಲೇನ್ರಿ?" ಎಂದು ಬಣ್ಣದವನು ಬ್ರಷ್ ಎತ್ತಿದ. ಅದೊಂದನ್ನು ಬಿಡು ಎಂದೆ. ಕಂಬಕ್ಕೆ ಬಣ್ಣ ಹಚ್ಚದೆ ಬಿಟ್ಟದ್ದಕ್ಕೆ ಅವನ ಕೂಲಿಯಲ್ಲಿ ಏನೂ ಇಳಿಸಲಿಲ್ಲ.